ಕೇಬಲ್ ಸರಿ ಇದೆ, ಮಾನಿಟರ್ ಸರಿ ಇದೆ, ಆದ್ರೂ ಡಿಸ್‌ಪ್ಲೇ ಇಲ್ಲ

ಪಿಎಸ್4 ಗೇಮ್ ಕನ್ಸೋಲಿನಲ್ಲಿ ವೈಟ್ ಲೈಟ್ ಬಂದು ಡಿಸ್‌ಪ್ಲೇ ಬರಲಿಲ್ಲ ಅಂದರೆ ಟಿವಿಗೆ ಚಿತ್ರ ಕಳಿಸುವ ಎಚ್‌ಡಿಎಂಐ ಪೋರ್ಟ್ ಹೋಗಿದೆ. ನಮ್ಮ ಸರ್ವಿಸ್ ಬೆಂಚಿನಲ್ಲಿ ಜಾಬ್ ಶೀಟ್ ಮೇಲೆ ಕಣ್ಣುಮುಚ್ಚಿ ಬರೆಯುವ ಸಾಲು ಇದು. ಬಹಳ ಸಲ ಅದು ನಿಜವೂ ಆಗಿರುತ್ತದೆ. ಕೇಬಲ್ ಎಳೆದೆಳೆದು ಒಳಗಿನ ಪಿನ್ ಬಾಗಿರುತ್ತದೆ, ಇಲ್ಲಾಂದ್ರೆ ಪೋರ್ಟ್ ಹಿಂದಿನ ಐಸಿ ಸತ್ತಿರುತ್ತದೆ. ಆದರೆ ಇದೇ ಸಾಲನ್ನು ನಂಬಿ ಒಬ್ಬ ಹುಡುಗನ ಅಂಗಡಿ ಉದ್ಘಾಟನೆಯ ದಿನ ಅವನ ಅಪ್ಪನ ಮುಂದೆ ನಾನು ಆಡಿದ ಮಾತು ಈಗಲೂ ಚುಚ್ಚುತ್ತದೆ.

ನಾನು ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಫೀಲ್ಡ್ ಕಾಲ್ ನೋಡಿಕೊಳ್ಳುತ್ತೇನೆ. ಈ ಹುಡುಗ ಸೇಡಂ ರೋಡಿನಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿದು ಗೇಮ್ ಪಾರ್ಲರ್ ಮಾಡಿದ್ದ. ಶರಣಬಸವೇಶ್ವರ ಜಾತ್ರೆಗೆ ಮುಂಚೆ ತೆರೆಯಬೇಕು, ಊರು ತುಂಬ ಜನ ಇರುತ್ತಾರೆ ಅನ್ನೋದು ಅವನ ಲೆಕ್ಕ. ಸೆಕೆಂಡ್ ಹ್ಯಾಂಡ್ ಪಿಎಸ್4ಗಳನ್ನು ಹೈದರಾಬಾದಿನಿಂದ ತಂದಿದ್ದ. ಟಿವಿಗೆ ದುಡ್ಡು ಸಾಲದೆ ಯಾವುದೋ ಆಫೀಸಿನಿಂದ ಬಂದ ರಿಫರ್ಬ್ ಮಾನಿಟರ್ ಲಾಟ್ ತಗೊಂಡಿದ್ದ. ಅದರಲ್ಲಿ ತಪ್ಪೇನೂ ಇಲ್ಲ. ಒಳ್ಳೆ ಐಪಿಎಸ್ ಪ್ಯಾನೆಲ್, 1920×1080, ಪಿಎಸ್4ಗೆ ಅಷ್ಟು ಸಾಕು.

ಕೇಬಲ್ ಆರ್ಡರ್ ಮಾತ್ರ ನಮ್ಮ ಮಾಲಕರು ಫೋನಿನಲ್ಲೇ ತಗೊಂಡರು. "ಮಾನಿಟರಿಗೆ ಡಿಪಿ ಅದರಿ, ಗೇಮಿಗೆ ಎಚ್‌ಡಿಎಂಐ ಅದ" ಅಂತ ಹುಡುಗ ಹೇಳಿದ. ಡಿಪಿ ಅಂದರೆ ಡಿಸ್‌ಪ್ಲೇಪೋರ್ಟ್, ಮಾನಿಟರ್ ಹಿಂದೆ ಇರುವ ಇನ್ನೊಂದು ಥರದ ಪೋರ್ಟ್. ಮಾಲಕರು ಡಿಪಿ ಟು ಎಚ್‌ಡಿಎಂಐ ಕೇಬಲ್ ಕಟ್ಟು ಕಟ್ಟಿ ಕಳಿಸಿದರು. ಎರಡೂ ತುದಿ ಸರಿಯಾಗಿ ಕೂರುತ್ತವೆ, ಕ್ಲಿಕ್ ಅಂತ ಶಬ್ದವೂ ಬರುತ್ತದೆ. ಯಾರಿಗೆ ಅನುಮಾನ ಬರುತ್ತೆ ಹೇಳಿ?

ಪೂಜೆ ಮುಗಿದು ತೆಂಗಿನಕಾಯಿ ಒಡೆದ ಮೇಲೆ ನನಗೆ ಫೋನ್ ಬಂತು. ಹೋಗಿ ನೋಡಿದರೆ ಬಾಗಿಲಲ್ಲಿ ಬಾಳೆಗಿಡ, ಒಳಗೆ ಹುಡುಗರ ಗುಂಪು, ಮಾನಿಟರ್ ಮೇಲೆ ಕುಂಕುಮ, ಸ್ಕ್ರೀನ್ ಮೇಲೆ ನೋ ಸಿಗ್ನಲ್. ಆಮೇಲೆ ಅದೂ ಹೋಗಿ ಪವರ್ ಬಟನ್ನಿನಲ್ಲಿ ಕಿತ್ತಳೆ ಲೈಟ್. ಕನ್ಸೋಲ್ ಮೇಲೆ ಮಾತ್ರ ಗಟ್ಟಿಯಾಗಿ ನಿಂತ ವೈಟ್ ಲೈಟ್. ಮಾನಿಟರ್ ಮೆನುವಿನಲ್ಲಿ ಇನ್‌ಪುಟ್ ಡಿಪಿಗೆ ಬದಲಾಯಿಸಿದೆ. ಇಲ್ಲ. ಎರಡನೇ ಬೀಪ್ ಬರುವವರೆಗೆ ಪವರ್ ಬಟನ್ ಒತ್ತಿ ಹಿಡಿದು ಸೇಫ್ ಮೋಡಿಗೆ ಹಾಕಿದೆ. ರೆಸಲ್ಯೂಷನ್ ಗಲಾಟೆ ಆಗಿದ್ದರೆ ಅಲ್ಲಾದರೂ ಚಿತ್ರ ಬರಬೇಕು. ಇಲ್ಲ. ಪಕ್ಕದ ಟೇಬಲ್ಲಿನ ಕನ್ಸೋಲ್ ಹಾಕಿದರೆ ಅದರದ್ದೂ ಇದೇ ಕಥೆ.

ಅಲ್ಲಿ ನಿಲ್ಲಬೇಕಿತ್ತು. ಎರಡು ಕನ್ಸೋಲ್ ಒಟ್ಟಿಗೆ ಒಂದೇ ಥರ ಹೋಗೋದು ಅಪರೂಪ, ಇದು ನನಗೆ ಗೊತ್ತಿರುವ ವಿಷಯವೇ. ಆದರೆ ಸೆಕೆಂಡ್ ಹ್ಯಾಂಡ್ ಅನ್ನೋ ಮಾತು ತಲೆಯಲ್ಲಿ ಕೂತಿತ್ತು. ಒಂದೇ ಕಡೆಯಿಂದ ಬಂದ ಮಾಲು, ಪೂರ್ತಿ ಲಾಟೇ ಕೆಟ್ಟದ್ದು ಅಂತ ನಿರ್ಧಾರ ಮಾಡಿಬಿಟ್ಟೆ. "ಪೋರ್ಟ್ ಹೋಗ್ಯಾವ, ಚಿಪ್ ಲೆವೆಲ್ ಕೆಲಸ, ಬೆಂಚಿಗೆ ಬರಬೇಕು" ಅಂದೆ. ಹುಡುಗನ ಮುಖ ಬಿಳಿಚಿಕೊಂಡಿತು. ಅವನ ಅಪ್ಪ ಆಳಂದ ಕಡೆಯವರು, ತೊಗರಿ ಮಾರಿದ ದುಡ್ಡು ಕೊಟ್ಟಿದ್ದರು. ಅವರು ನನ್ನ ಮೇಲೆ ಕೂಗಾಡಲಿಲ್ಲ. ಮಗನ ಕಡೆ ತಿರುಗಿ, "ರೊಕ್ಕ ಮುಳಗ್ತೇನಪಾ ಹಂಗಾದ್ರ?" ಅಂದರು, ಅಷ್ಟೇ. ಸುತ್ತ ನಿಂತ ಹುಡುಗರು ಒಬ್ಬೊಬ್ಬರಾಗಿ ಮೆಟ್ಟಿಲು ಇಳಿದರು.

ಹುಡುಗ ಮಾತ್ರ ಒಪ್ಪಲಿಲ್ಲ. "ನಿನ್ನೆ ರಾತ್ರಿ ಮನ್ಯಾಗ ಟಿವಿಗೆ ಹಾಕಿ ಆಡೀನಿ ಅಣ್ಣಾ, ನಾಲ್ಕೂ ಛಲೋ ಇದ್ವು" ಅಂದ. ಕೆಳಗಿನ ಖಾನಾವಳಿಯವರ ಟಿವಿಗೆ ಮಾಮೂಲಿ ಎಚ್‌ಡಿಎಂಐ ಕೇಬಲ್ಲಿನಲ್ಲಿ ಹಾಕಿದೆವು. ಕೂಡಲೇ ಚಿತ್ರ ಬಂತು. ಹಾಗಾದರೆ ನಮ್ಮ ಕೇಬಲ್ ಕೆಟ್ಟಿದೆ ಅಂದುಕೊಂಡು, ಬಿಲ್ಲಿಂಗಿಗೆ ಇಟ್ಟ ಸಿಪಿಯುವಿನ ಡಿಪಿಯಿಂದ ಅದೇ ಕೇಬಲ್ ಆ ಟಿವಿಗೆ ಹಾಕಿದೆ. ಅದೂ ಬಂತು. ಮೇಲೆ ಹೋಗಿ ಮಾನಿಟರನ್ನು ಸಿಪಿಯುವಿಗೆ ಹಳೇ ಥರದ ವಿಜಿಎ ಕೇಬಲ್ಲಿನಲ್ಲಿ ಹಾಕಿದೆ. ಅದೂ ಬಂತು. ಕನ್ಸೋಲ್ ಸರಿ, ಕೇಬಲ್ ಸರಿ, ಮಾನಿಟರ್ ಸರಿ. ಮೂರನ್ನೂ ಜೋಡಿಸಿದರೆ ಕತ್ತಲೆ. ಆ ಐದ್ಹತ್ತು ನಿಮಿಷ ನನಗೆ ಬೆವರು ಇಳಿದದ್ದು ಕಲಬುರಗಿ ಬಿಸಿಲಿಗಲ್ಲ.

ಕೊನೆಗೆ ಬೆಂಚಿನ ಭಾಯ್‌ಗೆ ಫೋನ್ ಮಾಡಿದೆ. ನಾನು ಮಾತು ಮುಗಿಸುವ ಮುಂಚೆಯೇ ಅವರು ಕೇಳಿದ್ದು ಒಂದೇ: "ಸಿಗ್ನಲ್ ಯಾವ ತುದಿಯಿಂದ ಹೊಂಟದ?"

ಡಿಪಿ ಟು ಎಚ್‌ಡಿಎಂಐ ಕೇಬಲ್ ಸೂಪರ್ ಮಾರ್ಕೆಟ್ ಗಲ್ಲಿಯ ಒನ್ ವೇ ಇದ್ದ ಹಾಗೆ. ಸಿಗ್ನಲ್ ಡಿಪಿ ತುದಿಯಿಂದ ಹೊರಟು ಎಚ್‌ಡಿಎಂಐ ತುದಿಯಲ್ಲಿ ಇಳಿಯಬೇಕು. ಕಂಪ್ಯೂಟರಿನ ಡಿಪಿ ಪೋರ್ಟ್‌ಗಳಲ್ಲಿ ಬಹಳಷ್ಟಕ್ಕೆ ಬೇಕಾದಾಗ ಎಚ್‌ಡಿಎಂಐ ಥರದ ಸಿಗ್ನಲ್ ಕಳಿಸಲು ಬರುತ್ತದೆ, ಪ್ಲಗ್ ಒಳಗಿನ ಸಣ್ಣ ಚಿಪ್ ಅದರ ವೋಲ್ಟೇಜ್ ಸರಿಹೊಂದಿಸಿ ದಾಟಿಸುತ್ತದೆ. ಮಾನಿಟರಿನ ಡಿಪಿ ಪೋರ್ಟ್ ಬರೀ ತಗೊಳ್ಳೋ ಪೋರ್ಟ್. ಅದಕ್ಕೆ ಡಿಪಿ ಸಿಗ್ನಲ್ಲೇ ಬೇಕು. ಪಿಎಸ್4 ಆಗಲಿ ಪಿಎಸ್5 ಆಗಲಿ ಎಕ್ಸ್‌ಬಾಕ್ಸ್ ಆಗಲಿ ಕೊಡೋದು ಎಚ್‌ಡಿಎಂಐ. ಉಲ್ಟಾ ದಾರಿಗೆ ಎಚ್‌ಡಿಎಂಐ ಟು ಡಿಪಿ ಆ್ಯಕ್ಟಿವ್ ಕನ್ವರ್ಟರ್ ಬೇರೆಯೇ ಬೇಕು. ಸಾಮಾನ್ಯವಾಗಿ ಅದಕ್ಕೆ ಪವರ್‌ಗೆ ಅಂತ ಒಂದು ಯುಎಸ್‌ಬಿ ಬಾಲ ಇರುತ್ತದೆ. ಪ್ಯಾಕೆಟ್ ಮೇಲಿನ ಹೆಸರಿನಲ್ಲಿ ಯಾವುದು ಮೊದಲು ಬರೆದಿದೆ ಅನ್ನೋದೇ ಇಲ್ಲಿ ಪೂರ್ತಿ ವ್ಯತ್ಯಾಸ.

ಆ ಕನ್ವರ್ಟರ್ ಅವತ್ತು ಊರಲ್ಲಿ ಎಲ್ಲೂ ಸಿಗಲಿಲ್ಲ. ಪುಣ್ಯಕ್ಕೆ ಮಾನಿಟರ್ ಹಿಂದೆ ಡಿವಿಐ ಅನ್ನೋ ಹಳೇ ಥರದ ವಿಡಿಯೊ ಪೋರ್ಟೂ ಇತ್ತು. ಡಿವಿಐ ಮತ್ತು ಎಚ್‌ಡಿಎಂಐ ವಿಡಿಯೊ ಸಿಗ್ನಲ್ ಒಂದೇ ಜಾತಿಯದ್ದು, ಚಿಪ್ ಬೇಡ, ಕೇಬಲ್ ಯಾವ ಕಡೆಯಿಂದ ಹಾಕಿದರೂ ನಡೆಯುತ್ತದೆ. ನಮ್ಮ ಅಂಗಡಿಯ ಹಳೇ ರ‍್ಯಾಕಿನಲ್ಲಿ ಯಾರೂ ಕೇಳದೆ ಧೂಳು ಹಿಡಿದ ಎಚ್‌ಡಿಎಂಐ ಟು ಡಿವಿಐ ಕೇಬಲ್‌ಗಳಿದ್ದವು. ತಂದು ಹಾಕಿದೆ, 1080ಪಿ ಚಿತ್ರ ಬಂತು. ಹುಡುಗರು ಮತ್ತೆ ಮೇಲೆ ಹತ್ತಿದರು.

ಆದರೆ ಸೌಂಡ್ ಇಲ್ಲ. ಅವನ ಮಾನಿಟರಿನ ಡಿವಿಐನಲ್ಲಿ ಆಡಿಯೊ ಬರೋದಿಲ್ಲ, ಸ್ಪೀಕರೂ ಇಲ್ಲ. ಅವತ್ತಿಗೆ ಕಂಟ್ರೋಲರಿನ 3.5 ಎಂಎಂ ಜ್ಯಾಕಿಗೆ ಸ್ಪೀಕರ್ ವೈರ್ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಹೆಡ್‌ಫೋನಿಗೆ ಆಲ್ ಆಡಿಯೊ ಅಂತ ಮಾಡಿ ದಾಟಿಸಿದೆವು. ಮುಂದಿನ ವಾರ, ಸಿಗ್ನಲ್ಲಿನಿಂದ ಸೌಂಡನ್ನು ಬೇರೆ ತೆಗೆದುಕೊಡುವ ಆಡಿಯೊ ಎಕ್ಸ್‌ಟ್ರ್ಯಾಕ್ಟರ್ ಡಬ್ಬಿಗಳು ಬಂದವು. ಅದರಲ್ಲೂ ಒಂದು ಸೂಕ್ಷ್ಮ ಇದೆ. ಡಬ್ಬಿಯ ಸ್ವಿಚ್ ಪಾಸ್‌ನಲ್ಲಿ ಬಿಟ್ಟರೆ ಕನ್ಸೋಲು ಡಬ್ಬಿಯ ಆಚೆಗಿರುವ ಡಿವಿಐ ಮಾನಿಟರನ್ನು ಓದಿ, ಇದಕ್ಕೆ ಸೌಂಡ್ ಬೇಡ ಅಂತ ಆಡಿಯೊ ಕಳಿಸೋದೇ ಇಲ್ಲ. 2 ಸಿಎಚ್‌ಗೆ (ಅಂದರೆ ಎರಡು ಚಾನೆಲ್ ಸೌಂಡಿಗೆ) ಸರಿಸಿದ ಮೇಲೆ ಮಾತಾಡಿತು.

ಇದಾದ ಮೇಲೆ ಕೌಂಟರಿಗೆ ಬರುವವರನ್ನು ಜಾಸ್ತಿ ಕೇಳುತ್ತೇನೆ. ಲ್ಯಾಪ್‌ಟಾಪಿನ ಎಚ್‌ಡಿಎಂಐಗೆ ಕನ್ಸೋಲ್ ಹಾಕಿ ಅದರ ಸ್ಕ್ರೀನಿನಲ್ಲಿ ಆಡಬೇಕು ಅಂತ ಬರುವವರು ಬಹಳ. ಆ ಪೋರ್ಟ್ ಹೊರಗೆ ಕಳಿಸೋಕೆ ಮಾತ್ರ ಇರೋದು, ಹೊರಗಿನ ವಿಡಿಯೊ ಒಳಗೆ ತಗೊಳ್ಳುವ ಕ್ಯಾಪ್ಚರ್ ಕಾರ್ಡ್ ಇಲ್ಲದೆ ಆಗಲ್ಲ. ಪಿಎಸ್4ಗೆ ಅಂತ 1440ಪಿ ಮಾನಿಟರ್ ತಗೊಳ್ಳುವವರಿಗೂ ಹೇಳುತ್ತೇನೆ, ಪಿಎಸ್4 ಆ ರೆಸಲ್ಯೂಷನ್ ಕೊಡಲ್ಲ, ಪಿಎಸ್5ಗೂ ಅದು 2022ರ ಅಪ್‌ಡೇಟಿನಲ್ಲಿ ಬಂದದ್ದು. ಕಪ್ಪು ಬಣ್ಣ ಬೂದಿ ಥರ ಕಂಡರೆ ಪ್ಯಾನೆಲ್ ಬೈಯುವ ಮುಂಚೆ ಕನ್ಸೋಲ್ ಸೆಟ್ಟಿಂಗ್ಸ್‌ನಲ್ಲಿ ಬಣ್ಣದ ಮಟ್ಟ ಹೇಳುವ ಆರ್‌ಜಿಬಿ ರೇಂಜ್ ನೋಡಿ.

ನಮ್ಮ ಮಾಲಕರು ಆ ಕೇಬಲ್ ವಾಪಸ್ ತಗೊಳ್ಳೋಕೆ ಒಪ್ಪಲಿಲ್ಲ. "ಅವನೇ ಕೇಳಿದ್ದು, ಅದೇ ಕೊಟ್ಟೀವಿ" ಅಂದರು. ಇದು ನನಗೆ ಸರಿ ಕಾಣಲಿಲ್ಲ. ಗಿರಾಕಿ ಪೋರ್ಟಿನ ಹೆಸರು ಹೇಳುತ್ತಾನೆ, ಎಲ್ಲಿಂದ ಎಲ್ಲಿಗೆ ಅಂತ ಕೇಳೋದು ಅಂಗಡಿಯವರ ಕೆಲಸ ಅಲ್ವಾ? ವಾರಗಟ್ಟಲೆ ಹಿಂದೆ ಬಿದ್ದು ಕೊನೆಗೆ ಆಡಿಯೊ ಡಬ್ಬಿಗಳ ಬಿಲ್ಲಿನಲ್ಲಿ ಆ ಕೇಬಲ್ ದುಡ್ಡಷ್ಟು ಕಡಿಮೆ ಮಾಡಿಸಿದೆ. ಹುಡುಗನ ಅಪ್ಪನಿಗೆ ನಾನೇ ಫೋನ್ ಮಾಡಿ, "ಕಾಕಾ, ನಿಮ್ಮ ಮಗನ ಮಾಲು ಛಲೋನೇ ಅದ, ನಾ ಹೇಳಿದ್ದು ತಪ್ಪಿತ್ತು" ಅಂದೆ. ಆರ್ಡರ್ ಬುಕ್ಕಿನಲ್ಲಿ ಎಲ್ಲಿಂದ, ಎಲ್ಲಿಗೆ ಅಂತ ಎರಡು ಕಾಲಂ ಹಾಕಿಸಿ ಅಂತ ಕೇಳಿದ್ದೇನೆ, ಇನ್ನೂ ಆಗಿಲ್ಲ. ಸದ್ಯಕ್ಕೆ ನನ್ನ ಫೋನಿನಿಂದಲೇ ಗಿರಾಕಿಗಳ ಹತ್ತಿರ ಮಾನಿಟರ್ ಹಿಂಭಾಗದ ಫೋಟೊ ತರಿಸಿಕೊಳ್ಳುತ್ತೇನೆ. ಫೋಟೊ ತೆಗೆಯುವಾಗ ಮೊಬೈಲನ್ನು ಮಾನಿಟರ್ ಕೆಳಗೆ ಹಿಡಿದು ಮೇಲ್ಮುಖವಾಗಿ ತೆಗೆಯಿರಿ. ಬಹಳಷ್ಟು ಮಾನಿಟರ್‌ಗಳಲ್ಲಿ ಪೋರ್ಟ್ ಕೆಳಮುಖ ಇರುತ್ತವೆ, ನೇರ ಹಿಂದಿನಿಂದ ತೆಗೆದರೆ ಸ್ಟಿಕ್ಕರ್ ಬಿಟ್ಟು ಏನೂ ಕಾಣಲ್ಲ.