ಕರಿಯನ ಹೊಟ್ಟೆ, ಅಮ್ಮನ ಮೊಸರನ್ನ

ಮೈಸೂರು, 14 ಜುಲೈ 2024, ಭಾನುವಾರ

ನಮ್ಮ ನಾಯಿ ಕರಿಯನಿಗೆ ಟಿಕ್ ಫೀವರ್, ಅಂದರೆ ಉಣ್ಣಿ ಕಚ್ಚಿ ಬರುವ ಜ್ವರ. ಮಳೆ ಶುರುವಾದ ಮೇಲೆ ನಮ್ಮ ಬೀದಿಯ ಅರ್ಧ ನಾಯಿಗಳಿಗೆ ಇದೇ ಗೋಳು. ಡಾಕ್ಟರು ನಾಲ್ಕು ವಾರಕ್ಕೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಬರೆದಿದ್ದಾರೆ. ಜ್ವರವೇನೋ ಇಳಿಯಿತು, ಈಗ ಹೊಟ್ಟೆ ಕೆಟ್ಟಿದೆ. ಆಂಟಿಬಯಾಟಿಕ್ಕಿಗೆ ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಎಂಬ ಭೇದವಿಲ್ಲವಲ್ಲ.

"ಮೊಸರನ್ನದಲ್ಲಿ ಮಾತ್ರೆ ಇಟ್ಟು ಕೊಡೋ, ಎರಡೂ ಕೆಲಸ ಆಗತ್ತೆ" ಅಂತ ಅಮ್ಮ. ಡಾಕ್ಟರು ತಲೆ ಅಲ್ಲಾಡಿಸಿದರು: "ಮೊಸರು ಕೊಡಿ ಅಮ್ಮ, ಆದರೆ ಮಾತ್ರೆ ಜೊತೆ ಬೇಡ." ಹಾಲು ಮೊಸರಿನ ಕ್ಯಾಲ್ಸಿಯಂ ಈ ಔಷಧಿಗೆ ಅಂಟಿಕೊಂಡರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲವಂತೆ. ಹಾಗಂತ ಒಣ ಮಾತ್ರೆಯನ್ನು ಗಂಟಲಿಗೆ ತುರುಕಿ ಸುಮ್ಮನಾಗುವಂತೆಯೂ ಇಲ್ಲ; ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ. ಈಗ ಕೋಳಿ ತುಂಡಿನೊಳಗೆ ಅಡಗಿಸಿ, ಮೇಲೆ ನೀರು ಕುಡಿಸುತ್ತೇವೆ. ಅಮ್ಮನಿಗೆ ಸ್ವಲ್ಪ ಮುನಿಸು.

ಮಲ ಪರೀಕ್ಷೆಯಲ್ಲಿ ಹುಳುವಾಗಲಿ, ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿಯಾಗಲಿ ಏನೂ ಕಾಣಲಿಲ್ಲ. ಅದಾದ ಮೇಲೆಯೇ ಡಾಕ್ಟರು ಪ್ರೋಬಯಾಟಿಕ್ (ಹೊಟ್ಟೆಗೆ ಒಳ್ಳೆಯದು ಮಾಡುವ ಜೀವಾಣು) ಬರೆದದ್ದು: ಸ್ಯಾಕರೋಮೈಸಿಸ್ ಬೌಲಾರ್ಡಿ. ಬ್ಯಾಕ್ಟೀರಿಯಾ ಅಲ್ಲ, ಒಂದು ಬಗೆಯ ಯೀಸ್ಟ್. ಹಾಗಾಗಿ ಡಾಕ್ಸಿಸೈಕ್ಲಿನ್‌ಗೆ ಸಾಯುವುದಿಲ್ಲ. ಲ್ಯಾಕ್ಟೋಬ್ಯಾಸಿಲಸ್ ಥರದ ಬ್ಯಾಕ್ಟೀರಿಯಾ ಆದರೆ ಆಂಟಿಬಯಾಟಿಕ್ಕಿಗೂ ಅದಕ್ಕೂ ನಡುವೆ ಕೆಲವು ಗಂಟೆ ಬಿಡಬೇಕು. ಇನ್ನೊಂದು ಮಾತು: ಬಿಸಿ ಅನ್ನಕ್ಕೆ ಕಲಸಬೇಡಿ, ಜೀವ ಇರುವ ಪುಡಿ ಅದು.

ತಟ್ಟೆಗೆ ಪುಡಿ ಉದುರಿಸಿದಾಗ ಕರಿಯ ಮೂಸಿ, ಒಂದು ಸೀನು ಸೀನಿ, ನನ್ನ ಮುಖ ನೋಡಿದ. ಕೋಳಿ ಬೇಯಿಸಿದ ನೀರನ್ನು ಆರಿಸಿ ಸುರಿದ ಮೇಲೆ ತಟ್ಟೆಯನ್ನು ಗೋಡೆಯವರೆಗೂ ತಳ್ಳಿಕೊಂಡು ಹೋಗಿ ನೆಕ್ಕಿದ.

ಸಂಜೆ ಪೆಟ್ ಶಾಪಿನವನು ಎನ್‌ಜೈಮ್ ಸಿರಪ್ ಮುಂದಿಟ್ಟ. "ಸಾರ್, ಜೀರ್ಣಕ್ಕೆ ಒಳ್ಳೇದು, ಎಲ್ಲರೂ ತಗೋತಾರೆ." ಎಲ್ಲರೂ ಯಾಕೆ ತಗೋಬೇಕೋ! ಆಹಾರ ಜೀರ್ಣಿಸುವ ಲೈಪೇಸ್, ಅಮೈಲೇಸ್, ಪ್ರೋಟಿಯೇಸ್ ಎಂಬ ಎನ್‌ಜೈಮ್‌ಗಳನ್ನು ಆರೋಗ್ಯವಂತ ನಾಯಿಯ ಮೇದೋಜ್ಜೀರಕ ಗ್ರಂಥಿಯೇ ಬೇಕಾದಷ್ಟು ಮಾಡಿಕೊಳ್ಳುತ್ತದೆ. ಆ ಗ್ರಂಥಿ ಸೋತ ನಾಯಿಗೆ, ಅದರಲ್ಲೂ ಜರ್ಮನ್ ಶೆಫರ್ಡ್‌ಗಳಲ್ಲಿ ಹೆಚ್ಚು ಕಾಣುವ ಆ ಕಾಯಿಲೆಗೆ, ಎನ್‌ಜೈಮ್ ಪುಡಿಯೇ ಜೀವ. ಅಂಥ ನಾಯಿ ಹೊಟ್ಟೆಬಾಕನಂತೆ ತಿಂದರೂ ಸೊರಗುತ್ತದೆ, ಜಿಡ್ಡು ಜಿಡ್ಡಾಗಿ ರಾಶಿ ಮಲ ಹಾಕುತ್ತದೆ. ಅದನ್ನು ಖಚಿತಪಡಿಸಲು ರಕ್ತ ಪರೀಕ್ಷೆಯೇ ಇದೆ. ಕರಿಯನಿಗೆ ಆ ಲಕ್ಷಣ ಒಂದೂ ಇಲ್ಲ. ಸಿರಪ್ ಬಿಟ್ಟು ಉಣ್ಣಿ ಕೀಳುವ ಚಿಮಟ ಕೊಂಡು ಬಂದೆ.

ನಾಳೆ ಕರಿಯನ ರಕ್ತದಲ್ಲಿ ಪ್ಲೇಟ್‌ಲೆಟ್ ಎಷ್ಟಿದೆ ನೋಡಿಸಬೇಕು. ಬೆಳಿಗ್ಗೆ ಬೇಗ ಹೋದರೆ ಕ್ಯೂ ಕಡಿಮೆ.