ಗಾಡಿ ಓಟದ ಎತ್ತುಗಳ ಮನೆಯಲ್ಲಿ

ಜೋಡೆತ್ತಿನ ಗಾಡಿ ಓಟವನ್ನು ಮೊಬೈಲಿನಲ್ಲಿ ನೋಡಿದವರು ತುಂಬಾ ಜನ ಇದ್ದೀರಿ. ಧೂಳು, ಕೂಗು, ಗಾಡಿಯ ಮೇಲೆ ಕಾಲು ಅಗಲಿಸಿ ನಿಂತ ಹುಡುಗ, ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಒಂದು ನಿಮಿಷವೂ ಇರುವುದಿಲ್ಲ. ನನಗೆ ಬೇಕಾಗಿದ್ದು ಆ ನಿಮಿಷ ಅಲ್ಲ, ಅದರ ಹಿಂದಿನ ದಿನಗಳು. ಆ ಎತ್ತುಗಳು ಬೆಳಿಗ್ಗೆ ಏನು ತಿನ್ನುತ್ತವೆ, ಲಾಳ ಯಾರು ಕಟ್ಟುತ್ತಾರೆ, ಓಟ ಇಲ್ಲದ ದಿನ ಅವು ಏನು ಮಾಡುತ್ತವೆ ಅನ್ನೋದನ್ನು ಯಾರೂ ವಿಡಿಯೋ ಮಾಡಿ ಹಾಕುವುದಿಲ್ಲ. ಸುಗ್ಗಿ ಮುಗಿದು ಗದ್ದೆಗಳು ಖಾಲಿಯಾದ ಮೇಲೆ ಶಿಕಾರಿಪುರ ತಾಲ್ಲೂಕಿನಲ್ಲಿರುವ ಗೆಳೆಯನ ಚಿಕ್ಕಪ್ಪನ ಮನೆಗೆ ಹೊರಟೆ. ಅವರ ಮನೆಯಲ್ಲಿ ಓಟದ ಜೋಡಿ ಇದೆ.

ಬೆಂಗಳೂರಿನಿಂದ ರಾತ್ರಿ ರೈಲು. ಭದ್ರಾವತಿ ದಾಟುವಾಗಲೇ ಚಳಿ ಗೊತ್ತಾಗುತ್ತದೆ. ಶಿವಮೊಗ್ಗದಲ್ಲಿ ಇಳಿದು, ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿದು, ಶಿಕಾರಿಪುರದ ಬಸ್ ಹತ್ತಿದೆ. ಸವಳಂಗದ ಕೆರೆ ಬರುವ ಹೊತ್ತಿಗೆ ಬೆಳಕಾಗಿತ್ತು. ಮಲೆನಾಡು ಅಂದರೆ ಆಗುಂಬೆಯ ಕಾಡು ಅಂತಲೇ ನೆನೆಸುವವರಿಗೆ ಈ ಕಡೆ ಬೇರೆಯಾಗಿ ಕಾಣುತ್ತದೆ. ಇದು ಅರೆಮಲೆನಾಡು. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಮೆಕ್ಕೆಜೋಳದ ಹೊಲ, ನಡುನಡುವೆ ಭತ್ತದ ಗದ್ದೆ, ಊರಿಗೊಂದು ಕೆರೆ. ದೀಪಾವಳಿ ಕಳೆದರೆ ಇಲ್ಲಿ ಹೋರಿ ಹಬ್ಬದ ಹುಚ್ಚು. ಕೊಬ್ಬರಿ ಹಾರ, ಬಲೂನು ಕಟ್ಟಿದ ಹೋರಿ ಒಂಟಿಯಾಗಿ ಓಡಬೇಕು, ಹುಡುಗರು ಅದರ ಕೊಬ್ಬರಿ ಕೀಳಬೇಕು. ಗಾಡಿ ಓಟ ಬೇರೆ ವಿದ್ಯೆ. ಇದರಲ್ಲಿ ಎರಡು ಎತ್ತು ಒಂದೇ ನೊಗದ ಕೆಳಗೆ ಒಂದೇ ಮನಸ್ಸಿನಿಂದ ಓಡಬೇಕು.

ಚಿಕ್ಕಪ್ಪ ಬಸ್ ನಿಲ್ಲುವ ಕಡೆಗೇ ಬೈಕ್ ತಂದಿದ್ದರು. "ತಿಂಡಿ ಆಮೇಲೆ, ಮೊದ್ಲು ಕೊಟ್ಟಿಗೆ ನೋಡು ಬಾ ತಮ್ಮ" ಅಂದರು. ಮನೆಗೆ ಅಂಟಿಕೊಂಡೇ ಇರುವ ಹೆಂಚಿನ ಕೊಟ್ಟಿಗೆ, ನೆಲಕ್ಕೆ ದರಗು, ಅಂದರೆ ಒಣ ಎಲೆ, ಹಾಸಿತ್ತು. ಬಾಗಿಲಿನ ಹತ್ತಿರ ಚಿಕ್ಕಮ್ಮನ ಎರಡು ಮಲೆನಾಡು ಗಿಡ್ಡ ಹಸುಗಳು, ನನ್ನ ಸೊಂಟದ ಎತ್ತರವೂ ಇಲ್ಲ. ಒಳಗೆ ಗಾಳಿ ಬೆಳಕು ಚೆನ್ನಾಗಿರುವ ಕಡೆ ಭೀಮ ಮತ್ತು ಮೈಲಾರಿ. ಎರಡೂ ಹಳ್ಳಿಕಾರ್ ತಳಿ. ಬೂದು ಮೈ, ಉದ್ದ ಮುಖ, ಹಿಂದಕ್ಕೆ ಬಾಗಿ ತುದಿಯಲ್ಲಿ ಚೂಪಾದ ಕೊಂಬು, ಒಂದು ಹಿಡಿ ಕೊಬ್ಬು ಎಲ್ಲೂ ಇಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿ ಅನ್ನುವ ದನಗಳ ಇಲಾಖೆಯಲ್ಲಿ ಸಾಕಿ, ಆಮೇಲೆ ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಅಂತ ಹೆಸರಾಗಿ, ಫಿರಂಗಿ ಎಳೆಯುತ್ತಿದ್ದವಲ್ಲ, ಆ ತಳಿಯ ಮೂಲವೂ ಇದೇ ಹಳ್ಳಿಕಾರ್. ಅಮೃತ ಮಹಲ್ ತಳಿ ಕೇಂದ್ರ ಇವತ್ತಿಗೂ ಅಜ್ಜಂಪುರದಲ್ಲಿದೆ. ಹಿಂದೆ ಯುದ್ಧಕ್ಕೆ ಬೇಕಾಗಿದ್ದ ವೇಗವೇ ಈಗ ಓಟಕ್ಕೆ ಬರುತ್ತಿರುವುದು.

ಇವನ್ನು ಚಿಕ್ಕಪ್ಪ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಿಂದ ತಂದಿದ್ದು. ಕೊಳ್ಳುವಾಗ ಮೊದಲು ಹಲ್ಲು ನೋಡುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟೂ ಬಂದರೆ ಬಾಯಿ ಕೂಡಿತು ಅಂತ ಲೆಕ್ಕ. ಆಮೇಲೆ ಸುಳಿ. ಮೈಮೇಲೆ ಕೂದಲು ಸುತ್ತಿಕೊಂಡಿರುವ ಜಾಗ ಸರಿ ಇಲ್ಲದಿದ್ದರೆ ಎಂಥ ಎತ್ತಾದರೂ ಬೇಡ ಅನ್ನುವವರಿದ್ದಾರೆ. ನನಗೆ ಸುಳಿಯ ಮೇಲೆ ನಂಬಿಕೆ ಇಲ್ಲ. ಆದರೆ ಗೊರಸು, ಹೆಗಲು, ನಡಿಗೆ ನೋಡುವ ಅವರ ಕಣ್ಣಿನ ಮೇಲೆ ಪೂರ್ತಿ ನಂಬಿಕೆ ಬಂತು.

ದಿನ ಶುರುವಾಗುವುದು ಬೆಳಗಿನ ಜಾವ ನಾಲ್ಕೂವರೆಗೆ, ಅದೂ ಚಿಕ್ಕಮ್ಮನಿಂದ. ಇದನ್ನು ಒತ್ತಿ ಹೇಳಬೇಕು. ಊರಲ್ಲಿ ಎಲ್ಲರೂ ಇವನ್ನು ಚಿಕ್ಕಪ್ಪನ ಎತ್ತು ಅಂತ ಕರೆಯುತ್ತಾರೆ, ಮೈಕಿನಲ್ಲಿ ಕೂಗುವುದೂ ಅವರ ಹೆಸರನ್ನೇ. ಆದರೆ ಕೊಟ್ಟಿಗೆಯ ಬಾಗಿಲು ತೆಗೆಯುವವರು ಚಿಕ್ಕಮ್ಮ, ಸಗಣಿ ಬಾಚಿ ಗೊಬ್ಬರ ಗುಂಡಿಗೆ ಹೊರುವವರು ಚಿಕ್ಕಮ್ಮ, ರಾತ್ರಿ ಕೊನೆಯ ಸಲ ಟಾರ್ಚ್ ಹಿಡಿದು ನೋಡಿ ಮಲಗುವವರೂ ಅವರೇ. ಬಾಚುವಾಗ ಸಗಣಿ ನೋಡುತ್ತಾರೆ. ನೀರಾಗಿದ್ದರೆ ನಿನ್ನೆಯ ಹಿಂಡಿ ಜಾಸ್ತಿಯಾಗಿದೆ, ಗಟ್ಟಿ ಉಂಡೆಯಾಗಿದ್ದರೆ ನೀರು ಕುಡಿದಿಲ್ಲ. ಆಮೇಲೆ ಮೂಗು ಮುಟ್ಟುತ್ತಾರೆ, ಒದ್ದೆಯಾಗಿ ತಣ್ಣಗಿರಬೇಕು. ಕಿವಿಯ ಬುಡದಲ್ಲಿ, ಬಾಲದ ಕೆಳಗೆ ಉಣ್ಣೆ ಹುಳ ಇದೆಯಾ ಅಂತ ಕೈ ಹಾಕಿ ಹುಡುಕುತ್ತಾರೆ. ಎಲ್ಲಕ್ಕಿಂತ ಮುಖ್ಯ ಮೆಲುಕು. "ಮೆಲುಕು ಹಾಕ್ತಾ ಮಲಗಿದ್ರೆ ನಂಗೂ ನಿದ್ದೆ ಬರುತ್ತೆ. ಮೆಲುಕು ನಿಲ್ಸಿದ್ರೆ ಏನೋ ಆಗಿದೆ ಅಂತಾನೇ ಅರ್ಥ, ಡಾಕ್ಟ್ರಿಗೆ ಫೋನ್ ಮಾಡೋದೇ" ಅಂದರು.

ಮೇವಿನ ಲೆಕ್ಕವೂ ಅವರ ತಲೆಯಲ್ಲೇ ಇದೆ. ರಾತ್ರಿ ನೆನೆಹಾಕಿದ ಹುರುಳಿಯನ್ನು ಬೆಳಿಗ್ಗೆ ಹಂಡೆ ಒಲೆಯ ಮೇಲೆ ಬೇಯಿಸಿ, ಅದಕ್ಕೆ ಬೂಸಾ, ಶೇಂಗಾ ಹಿಂಡಿ, ಒಂದಿಷ್ಟು ಉಪ್ಪು ಕಲಸಿ, ಕೈ ಅದ್ದಿ ಬಿಸಿ ನೋಡಿ, ಎರಡು ಬೇರೆ ಬೇರೆ ಬಾನಿಯಲ್ಲಿ ಇಡುತ್ತಾರೆ, ಯಾಕೆಂದರೆ ಮೈಲಾರಿ ತನ್ನದನ್ನು ಬೇಗ ಮುಗಿಸಿ ಭೀಮನದಕ್ಕೆ ಬಾಯಿ ಹಾಕುತ್ತಾನೆ. ಹತ್ತಿ ಕಾಳು ಚಳಿಗಾಲಕ್ಕೆ. ಒಣ ಮೇವು ಭತ್ತದ ಹುಲ್ಲು, ಹಸಿ ಮೇವು ಜೋಳದ ದಂಟು. ಕೆಲವರು ಓಟದ ಎತ್ತಿಗೆ ಹಸಿ ಮೊಟ್ಟೆ ಕುಡಿಸುತ್ತಾರೆ. ಈ ಮನೆ ಸಸ್ಯಾಹಾರಿ, ಎತ್ತುಗಳಿಗೂ ಅದೇ ನಿಯಮ. ಅಡುಗೆಮನೆಯ ಕಲಗಚ್ಚು ಮಾತ್ರ ಗಿಡ್ಡ ಹಸುಗಳ ಪಾಲು, ಓಟದ ಎತ್ತಿಗೆ ಅದು ಹೋಗುವುದಿಲ್ಲ. ಹೊಟ್ಟೆ ತುಂಬಿದ ಎತ್ತನ್ನು ತಕ್ಷಣ ಓಡಿಸಲೇಬಾರದು. ನಾಲ್ಕು ಕೋಣೆಯ ಹೊಟ್ಟೆ ಅದು, ತಿಂದದ್ದನ್ನು ಮತ್ತೆ ಬಾಯಿಗೆ ತಂದು ಅರೆಯಲು ಗಂಟೆಗಟ್ಟಲೆ ಬೇಕು. ಕುದುರೆಗೂ ಎತ್ತಿಗೂ ಇದು ದೊಡ್ಡ ವ್ಯತ್ಯಾಸ. ಹಾಗಾಗಿ ಓಟದ ದಿನದ ಮೇವನ್ನು ಓಟದ ಹೊತ್ತು ಗೊತ್ತಾದ ಮೇಲೆಯೇ ಅವರು ತೂಗುವುದು.

ಆರು ಗಂಟೆಗೆ ಚಿಕ್ಕಪ್ಪ ಮತ್ತು ಗಾಡಿ ಹೊಡೆಯುವ ಪಕ್ಕದ ಮನೆಯ ಹುಡುಗ ಎತ್ತುಗಳನ್ನು ಹೊಳೆಯ ದಂಡೆಯ ಮರಳಿನಲ್ಲಿ ನಡೆಸುತ್ತಾರೆ. ಸುಮ್ನೆ ನಡಿಗೆ. ಮರಳಿನಲ್ಲಿ ಕಾಲು ಎತ್ತಿ ಎತ್ತಿ ಇಟ್ಟು ತೊಡೆ ಗಟ್ಟಿಯಾಗುತ್ತದೆ. ವಾರಕ್ಕೆ ಒಂದೆರಡು ಸಲ ಕೆರೆಯಲ್ಲಿ ಈಜು. ನಾನು ಮೈಮರೆತು ನೋಡಿದ್ದು ಇದನ್ನೇ. ಹುಡುಗ ಉದ್ದ ಹಗ್ಗ ಹಿಡಿದು ಮುಂದೆ ಈಜುತ್ತಾನೆ, ಹಿಂದೆ ಭೀಮ, ಮೂಗು ಮತ್ತು ಕೊಂಬು ಮಾತ್ರ ನೀರಿನ ಮೇಲೆ, ಉಸಿರಿನ ಬುಸ್ ಬುಸ್ ಸದ್ದು ದಡಕ್ಕೆ ಕೇಳುತ್ತದೆ. ಗೊರಸಿಗೆ ಭಾರ ಬೀಳದೆ ದಮ್ಮು ಬೆಳೆಯುತ್ತದೆ. ಗಾಡಿ ಕಟ್ಟಿ ಪೂರ್ತಿ ವೇಗದಲ್ಲಿ ಓಡಿಸುವುದು ಬಹಳ ಕಡಿಮೆ. ದಿನಾ ಓಡಿಸಿದರೆ ಎತ್ತಿಗೆ ಬೇಜಾರಾಗುತ್ತದೆ, ಕಾಲೂ ಕೆಡುತ್ತದೆ ಅನ್ನುತ್ತಾರೆ ಚಿಕ್ಕಪ್ಪ.

ಲಾಳ ಕಟ್ಟುವವರು ಬಂದ ದಿನ ನಾನು ಅಲ್ಲೇ ಇದ್ದೆ, ಅದೃಷ್ಟ. ಕುದುರೆಗೆ ಒಂದು ಕಾಲಿಗೆ ಒಂದು ಲಾಳ. ಎತ್ತಿನ ಗೊರಸು ಸೀಳಿರುವುದರಿಂದ ಕಾಲಿಗೆ ಎರಡು, ನಾಲ್ಕು ಕಾಲಿಗೆ ಎಂಟು ತೆಳು ಪಟ್ಟಿ. ಕುದುರೆ ಮೂರು ಕಾಲಿನ ಮೇಲೆ ಸುಮ್ಮನೆ ನಿಲ್ಲುತ್ತದೆ, ಎತ್ತು ನಿಲ್ಲುವುದಿಲ್ಲ. ಹಗ್ಗ ಹಾಕಿ ಮೆಲ್ಲಗೆ ಕೆಡವಿ, ನಾಲ್ಕೂ ಕಾಲು ಸೇರಿಸಿ ಕಟ್ಟಿ ಕೆಲಸ ಮಾಡಬೇಕು. ಬೀಳುವ ಜಾಗಕ್ಕೆ ದಪ್ಪಗೆ ಹುಲ್ಲು ಹಾಸಿದ್ದರು. ಚಿಕ್ಕಮ್ಮ ಮೈಲಾರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು, ಕಣ್ಣಿನ ಮೇಲೆ ಸೆರಗು ಮುಚ್ಚಿದರು. ಲಾಳದವರು ಮೊದಲು ಗೊರಸನ್ನು ಹೆರೆದು ಸಮ ಮಾಡಿ, ಆಮೇಲೆ ಪಟ್ಟಿ ಇಟ್ಟು ಮೊಳೆ ಹೊಡೆದರು. ಒಂದು ಮೊಳೆ ಸ್ವಲ್ಪ ಒಳಗೆ ಹೋದರೆ ಜೀವ ಇರುವ ಜಾಗಕ್ಕೆ ತಗುಲಿ ಎತ್ತು ಕುಂಟುತ್ತದೆ. ಈ ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಉಳುವುದಕ್ಕೆ ಟ್ರ್ಯಾಕ್ಟರ್, ಟಿಲ್ಲರ್ ಬಂದ ಮೇಲೆ ಎತ್ತು ಸಾಕುವವರೇ ಕಮ್ಮಿ, ಲಾಳಕ್ಕೆ ಕರೆಯುವವರು ಯಾರು? ಇವರು ಒಂದೇ ದಿನದಲ್ಲಿ ಮೂರು ನಾಲ್ಕು ಊರು ಸುತ್ತುತ್ತಾರೆ.

ಮಧ್ಯಾಹ್ನ ಕೊಟ್ಟಿಗೆಗೆ ಯಾರೂ ಹೋಗಬಾರದು, ಎತ್ತು ಮಲಗುವ ಹೊತ್ತು. ಅಕ್ಕಿ ರೊಟ್ಟಿ, ಎಣ್ಣೆಗಾಯಿ ತಿಂದು ಗೆಳೆಯನ ತಮ್ಮನ ಬೈಕಿನಲ್ಲಿ ಬಳ್ಳಿಗಾವಿಗೆ ಹೋಗಿ ಬಂದೆ. ಅಲ್ಲಮನ ಊರು. ಚಾಲುಕ್ಯರ ಕಾಲದ ಕೇದಾರೇಶ್ವರ ಗುಡಿ ನೋಡಲೇಬೇಕಾದದ್ದು, ಜನವೂ ಇರುವುದಿಲ್ಲ.

ಸಂಜೆ ಜಗಲಿಯ ಮೇಲೆ ಕುಳಿತು ಚಿಕ್ಕಪ್ಪ ಗಾಡಿ ಬಿಚ್ಚಿ ನೋಡುತ್ತಿದ್ದರು. ಅಚ್ಚಿಗೆ ಕೀಲೆಣ್ಣೆ, ಗಾಲಿ ಕಳಚದಂತೆ ತಡೆಯುವ ಕಡಾಣಿ ಸಡಿಲವಾಗಿದೆಯಾ, ನೊಗ ಕಟ್ಟುವ ಉದ್ದ ಮರ ಮೂಕಿಯಲ್ಲಿ ಬಿರುಕಿದೆಯಾ, ನೊಗದ ಒಳಮೈ ನಯವಾಗಿದೆಯಾ. ನೊಗದ ಕೆಳಗೆ ಒಂದು ಸಣ್ಣ ಚೆಕ್ಕೆ ಎದ್ದಿದ್ದರೂ ಹೆಗಲು ಹುಣ್ಣಾಗುತ್ತದೆ. ಮಾತು ಕೋರ್ಟಿನ ಕಡೆ ತಿರುಗಿತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ಎರಡನ್ನೂ ನಿಲ್ಲಿಸಿತು. ಆಮೇಲೆ 2017ರಲ್ಲಿ ನಮ್ಮ ರಾಜ್ಯ ಕಾನೂನು ತಿದ್ದುಪಡಿ ಮಾಡಿ ಕಂಬಳಕ್ಕೂ ಗಾಡಿ ಓಟಕ್ಕೂ ದಾರಿ ಮಾಡಿತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಒಪ್ಪಿತು. ಆದರೆ ಪ್ರಾಣಿಗೆ ಹಿಂಸೆ ಕೊಡುವಂತಿಲ್ಲ ಅನ್ನುವ ಮಾತು ಕಾನೂನಿನಲ್ಲಿ ಹಾಗೇ ಇದೆ. "ಬಾಲ ತಿರುಚಿ, ಮೊಳೆ ಚುಚ್ಚಿ ಓಡ್ಸೋದು ಓಟ ಅಲ್ಲ ತಮ್ಮ. ಅಂಥೋರಿಂದಾನೇ ನಿಂತಿದ್ದು" ಅಂದರು ಚಿಕ್ಕಪ್ಪ. ನನ್ನ ಮಾತೂ ಅದೇ. ಚುಚ್ಚಿ ಗೆದ್ದವರಿಗೆ ಬಹುಮಾನ ಕೊಡುವ ಕಣ ಮುಚ್ಚಲಿ. ಅದರ ಜೊತೆಗೆ 2022ರ ಚರ್ಮಗಂಟು ರೋಗದ ವರ್ಷವನ್ನೂ ಅವರು ಮರೆತಿಲ್ಲ. ಆಗ ದನಗಳ ಜಾತ್ರೆಗಳೇ ನಿಂತಿದ್ದವು, ಚಿಕ್ಕಮ್ಮ ಹೊರಗಿನವರನ್ನು ಕೊಟ್ಟಿಗೆಯ ಹತ್ತಿರವೂ ಬಿಡಲಿಲ್ಲವಂತೆ.

ಓಟ ಇದ್ದದ್ದು ಶಿವಮೊಗ್ಗ ತಾಲ್ಲೂಕಿನ ಒಂದು ಊರಿನ ಗದ್ದೆ ಬಯಲಿನಲ್ಲಿ. ಎತ್ತುಗಳನ್ನು ಪಿಕಪ್ ಗಾಡಿಯಲ್ಲಿ ಕರೆದೊಯ್ದೆವು. ಕಾಲು ಜಾರದಂತೆ ತಳಕ್ಕೆ ಮರಳು, ಅದರ ಮೇಲೆ ಹುಲ್ಲು. ಚಿಕ್ಕಮ್ಮ ಮನೆಯ ಬಾವಿ ನೀರನ್ನೂ ಕ್ಯಾನಿನಲ್ಲಿ ತುಂಬಿಸಿದ್ದರು, ಬೇರೆ ಊರಿನ ನೀರಿಗೆ ಭೀಮ ಬಾಯಿ ಇಡುವುದಿಲ್ಲ. ಮಂಡಕ್ಕಿ ಮಿರ್ಚಿಯ ಅಂಗಡಿ, ಮೈಕು, ಜನಜಂಗುಳಿ. ಎರಡೆರಡು ಜೋಡಿಯನ್ನು ಒಟ್ಟಿಗೆ ಬಿಟ್ಟು ಗೆದ್ದದ್ದನ್ನು ಮುಂದಿನ ಸುತ್ತಿಗೆ ಕಳಿಸುತ್ತಿದ್ದರು. ನಮ್ಮ ಜೋಡಿ ಮೊದಲ ಸುತ್ತುಗಳನ್ನು ಚೆನ್ನಾಗಿ ಗೆದ್ದು, ಆಮೇಲೆ ಒಂದು ಕೊಂಬಿನಷ್ಟು ಅಂತರದಲ್ಲಿ ಸೋತಿತು. ನನಗೆ ಕೋಪ ಬಂದದ್ದು ಸೋಲಿಗಲ್ಲ. ವಿಡಿಯೋ ಮಾಡುವವರು ಹಗ್ಗ ದಾಟಿ ಓಟದ ದಾರಿಗೇ ಇಳಿಯುತ್ತಿದ್ದರು. ಓಡುವ ಎತ್ತನ್ನು ಆ ವೇಗದಲ್ಲಿ ಯಾರೂ ನಿಲ್ಲಿಸಲಾರರು. ಗಟ್ಟಿ ಬೇಲಿ ಹಾಕದೆ ಓಟ ಶುರು ಮಾಡಲೇಬಾರದು.

ರಾತ್ರಿ ಮನೆಗೆ ಬಂದಾಗ ನಮಗಿಂತ ಮೊದಲು ಊಟ ಆಗಿದ್ದು ಎತ್ತುಗಳಿಗೆ. ಚಿಕ್ಕಮ್ಮ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹೆಗಲು ಒತ್ತುತ್ತಾ ಬಂದವರು ಮೈಲಾರಿಯ ಹೆಗಲ ಮೇಲೆ ಕೈ ನಿಲ್ಲಿಸಿದರು. ಸಣ್ಣ ಊತ. ಮುಂದಿನ ವಾರ ಇನ್ನೊಂದು ಓಟ ಇತ್ತು, ಹೆಸರೂ ಬರೆಸಿ ಆಗಿತ್ತು. "ಇವ್ನು ಬರಲ್ಲ" ಅಂದರು. ಚಿಕ್ಕಪ್ಪ ಅರಿಶಿನ ಎಣ್ಣೆ ಹಚ್ಚಿದರೆ ನಾಲ್ಕು ದಿನಕ್ಕೆ ಇಳಿಯುತ್ತೆ ಅಂತ ಏನೇನೋ ಹೇಳಿದರು. ಚಿಕ್ಕಮ್ಮ ಉತ್ತರ ಕೊಡಲಿಲ್ಲ, ಒತ್ತುವುದನ್ನೂ ನಿಲ್ಲಿಸಲಿಲ್ಲ. ಹತ್ತು ನಿಮಿಷ ಬಿಟ್ಟು ಚಿಕ್ಕಪ್ಪ ಹೊರಗೆ ಹೋಗಿ ಓಟದ ಕಮಿಟಿಯವರಿಗೆ ಫೋನ್ ಮಾಡಿ ಹೆಸರು ತೆಗೆಸಿದರು.

ಹೋಗಬೇಕು ಅನ್ನುವವರಿಗೆ ಒಂದೆರಡು ಮಾತು. ಸುಗ್ಗಿ ಮುಗಿದ ಮೇಲೆ ಬೇಸಿಗೆಯವರೆಗೆ ಒಳ್ಳೆಯ ಕಾಲ. ಗೊತ್ತಿರುವವರ ಮೂಲಕವೇ ಹೋಗಿ. ಬೇರೆ ಕೊಟ್ಟಿಗೆಗೆ ಹೋಗಿ ಬಂದಿದ್ದರೆ ಕಾಲು ತೊಳೆದು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ, ಕಾಲುಬಾಯಿ ಜ್ವರ ಹೀಗೂ ಹರಡುತ್ತದೆ. ಎತ್ತಿನ ಹಿಂದೆ ನಿಲ್ಲಬೇಡಿ, ಫ್ಲ್ಯಾಶ್ ಹಾಕಿ ಫೋಟೋ ತೆಗೆಯಬೇಡಿ, ಬಿಸ್ಕತ್ತು ಬಾಳೆಹಣ್ಣು ಅಂತ ಏನನ್ನೂ ಕೇಳದೆ ತಿನ್ನಿಸಬೇಡಿ. ಕೇಳುವುದಾದರೆ ಕೊಟ್ಟಿಗೆ ನೋಡಿಕೊಳ್ಳುವ ಹೆಂಗಸರನ್ನು ಕೇಳಿ.