ಹೊಗೆ ಇಳಿಯುವ ತನಕ

ಕೆಜಿಎಫ್‌ಗೆ ಹೋಗುವವರು ಕಾರು ಬಿಟ್ಟು ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ. ಕೋರಮಂಡಲ್, ಊರಗಾಂ, ಚಾಂಪಿಯನ್ ಅಂತ ಗಣಿಗಳ ಹೆಸರೇ ನಿಲ್ದಾಣಗಳಾಗಿ ಬರುತ್ತವೆ. ಆದರೆ ಗಣಿಯೊಳಗೆ ಬಿಡ್ತಾರೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ನಂಬಿ ಉರಿಬಿಸಿಲಲ್ಲಿ ಮೂರು ಗೇಟು ಅಲೆದೆ. 2001ರಲ್ಲೇ ಮುಚ್ಚಿದ ಗಣಿ! ಚಿನ್ನ ತೆಗೆದುಳಿದ ಅದಿರಿನ ಪುಡಿ ಸುರಿದ ಸೈನೈಡ್ ದಿಬ್ಬದ ಮೇಲೆ ಫೋಟೋ ತೆಗೆಸಿಕೊಳ್ಳುವ ಗುಂಪು ಕಂಡು ಇನ್ನಷ್ಟು ರೇಗಿತು. ಬಾಯಿ ತುಂಬ ಆ ದಿಬ್ಬದ ದೂಳೇ.

ಕೊನೆಗೆ ಒಂದು ಟೀ ಅಂಗಡಿ ಸಿಕ್ಕಿತು. ಜೊತೆಗಿದ್ದವಳು ತಂಗಿಯ ಮಗಳು, ಖಗೋಳ ಸಂಶೋಧನೆ ಮಾಡುವವಳು. ಬೆಂಚಿನ ಮೇಲಿದ್ದ ಹಿರಿಯರು ಗಣಿಯಲ್ಲಿ ದುಡಿದವರು.

"ಏನು ಕೆಲಸಮ್ಮಾ ನಿಂದು?"

"ನ್ಯೂಟ್ರಾನ್ ನಕ್ಷತ್ರ ಅಂದ್ರೆ ಸತ್ತ ನಕ್ಷತ್ರದ ಗಟ್ಟಿ ತಿರುಳು. ಅಂಥ ಎರಡು ಡಿಕ್ಕಿ ಹೊಡೆದ್ರೆ ಗಾಮಾ ಕಿರಣ ಸಿಡಿಯುತ್ತೆ ತಾತ. ಎರಡು ಸೆಕೆಂಡೂ ಇರಲ್ಲ. ಆಮೇಲೆ ಉಳಿಯೋ ಮಂದ ಬೆಳಕು ನೋಡ್ತೀವಿ."

ದೂರದರ್ಶಕ ಇರುವುದು ಲಡಾಖ್‌ನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ. ನಡೆಸುವುದು ಇಲ್ಲೇ ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಸಂಪರ್ಕದಿಂದ. ತಾತನಿಗೆ ಇದೇನೂ ವಿಚಿತ್ರ ಅನ್ನಿಸಲಿಲ್ಲ. 1965ರಲ್ಲಿ ನೆಲದಡಿ ಎರಡು ಕಿಲೋಮೀಟರಿಗೂ ಆಳದಲ್ಲಿ ನ್ಯೂಟ್ರಿನೊ ಎಂಬ ಕೈಗೆ ಸಿಗದ ಸೂಕ್ಷ್ಮ ಕಣ ಹಿಡಿದ ಊರಿನವರಲ್ಲವೇ!

"ನಾವು ಸಿಡಿ ಹೊಡೆದ್ರೆ ಹೊಗೆ ಇಳಿಯೋ ತನಕ ಹತ್ರ ಹೋಗ್ತಿರಲಿಲ್ಲ," ಅಂದರು.

"ನಾವು ಕಾದ್ರೆ ಕೆಟ್ವಿ ತಾತ. ಸುದ್ದಿ ಬಂದ ಕೂಡ್ಲೇ ದೂರದರ್ಶಕ ತಿರುಗಿಸ್ಬೇಕು. ಒಂದೆರಡು ದಿನದಲ್ಲಿ ಹುಡುಕಿದ್ರೂ ಸಿಗದಷ್ಟು ಮಂಕಾಗುತ್ತೆ."

ಸ್ವಲ್ಪ ತಡೆದು ಅವಳೇ ತಿದ್ದಿಕೊಂಡಳು. 2017ರ ಆಗಸ್ಟ್ 17ರದ್ದು ಮಾತ್ರ ಉಲ್ಟಾ. 13 ಕೋಟಿ ಬೆಳಕಿನ ವರ್ಷ ದೂರದ ಸಿಡಿತ. ಅದರಿಂದ ಚಿಮ್ಮಿದ ಧಾರೆ ನೇರ ನಮ್ಮ ಕಡೆಗಿರಲಿಲ್ಲ. ಹಾಗಾಗಿ ಎಕ್ಸ್ ಕಿರಣ ಕಂಡದ್ದು ಒಂಬತ್ತನೇ ದಿನ, ರೇಡಿಯೊ ಹದಿನಾರನೇ ದಿನ. ಆಮೇಲೂ ತಿಂಗಳುಗಟ್ಟಲೆ ಅವುಗಳ ಹೊಳಪು ಏರುತ್ತಲೇ ಹೋಯಿತು.

"ಹಂಗಾದ್ರೆ ಅದೊಂದಕ್ಕೆ ಹೊಗೆ ಇಳಿಯೋ ತನಕ ಕಾದ್ರಿ ಅನ್ನು."

ಅವಳು ಜೋರಾಗಿ ನಕ್ಕಳು. ಅಂಥ ಡಿಕ್ಕಿಯಲ್ಲೇ ಚಿನ್ನವೂ ಹುಟ್ಟುತ್ತದೆ, ಆವತ್ತು ಹುಟ್ಟಿದ್ದು ಭೂಮಿಯ ತೂಕದ ಕೆಲವು ಪಟ್ಟು ಇರಬಹುದೆಂಬ ಅಂದಾಜಿದೆ ಅಂದಾಗ ತಾತ ಲೋಟ ಕೆಳಗಿಟ್ಟರು.

"ನಮಗೆ ಕೊನೆಕೊನೆಗೆ ಒಂದು ಟನ್ ಕಲ್ಲು ಅರೆದ್ರೆ ಮೂರೋ ನಾಲ್ಕೋ ಗ್ರಾಂ ಸಿಗ್ತಿತ್ತು."

ಮುಂದೆ ಏನೂ ಕೇಳಲಿಲ್ಲ. ದಿಬ್ಬದ ಕಡೆ ನೋಡುತ್ತ ಕೂತರು.

ವಾಪಸ್ಸು ಬರುವಾಗ ಬಂಗಾರಪೇಟೆಯಲ್ಲಿ ಪಾನಿಪುರಿ ತಿಂದೆವು. ನೀರಿನಷ್ಟೇ ತಿಳಿಯಾದ ಆ ಖಾರದ ಪಾನಿಯ ಮುಂದೆ ಬೆಂಗಳೂರಿನ ಹಸಿರು ನೀರು ಯಾವ ಲೆಕ್ಕ! ನಾಲ್ಕನೇ ಪುರಿಗೆ ಅವಳ ಫೋನು ಗುಂಯ್‌ಗುಟ್ಟಿತು. ಎಡಗೈಯಲ್ಲಿ ಎತ್ತಿ ನೋಡಿದಳು.

"ಸಿಡಿದಿದೆ ಮಾವ. ಆದ್ರೆ ತೀರಾ ದಕ್ಷಿಣ, ಹಾನ್ಲೆಗೆ ಕಾಣಲ್ಲ," ಅಂದು ಐದನೆಯದಕ್ಕೆ ತಟ್ಟೆ ಒಡ್ಡಿದಳು.